ಆಟ ಕಟ್ಟುವವನ ಲೆಕ್ಕ

ಯುಗಾದಿ ಕಳೆದು ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಸೇರುವ ಕಾಲ. ಪರೀಕ್ಷೆಯ ಭಾರವನ್ನು ಇಳಿಸಿಕೊಂಡ ವಿದ್ಯಾರ್ಥಿಗಳಿಗೆ ಮಧ್ಯಾಹ್ನಗಳು ದೀರ್ಘವಾಗಿ ತೋರುತ್ತವೆ. ಅಂಥದೊಂದು ವಸಂತದ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಜಗುಲಿಯ ಮೇಲೆ ಸೀಮೆಸುಣ್ಣದಿಂದ ಹೊಸ ಆಟವೊಂದನ್ನು ಬರೆದೆವು. ಹೊಸದೆಂದರೆ ತೀರ ಹೊಸದೇನಲ್ಲ. ಅಡ್ಡಕ್ಕೆ 5, ಉದ್ದಕ್ಕೆ 5 ಮನೆಗಳ ಚೌಕಾಬಾರವನ್ನು 7ಕ್ಕೆ 7 ಆಗಿ ಹಿಗ್ಗಿಸಿದ್ದೆವು, ಅಷ್ಟೆ. ಊಟದ ನಂತರ ಆರಂಭವಾದ ಆಟ ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಆಕಳಿಸಿ ಎದ್ದುಹೋದರು. ನಿಯಮಗಳು ಹಳೆಯವೇ, ಕವಡೆಗಳೂ ಹಳೆಯವೇ, ಕೆಟ್ಟದ್ದು ಎಲ್ಲಿ?

ಹಳೆಯ ಆಟವನ್ನೇ ಮೊದಲು ಪರೀಕ್ಷಿಸೋಣ. ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬೀಳುತ್ತವೆಯೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಈ ಎರಡು ಗರಗಳಿಗೆ ಮಾತ್ರ ಇನ್ನೊಮ್ಮೆ ಎಸೆಯುವ ಹಕ್ಕುಂಟು. ಪ್ರತಿಯೊಂದು ಕವಡೆಯೂ ಎರಡು ವಿಧವಾಗಿ ಬೀಳಬಲ್ಲುದಾದ್ದರಿಂದ ಒಟ್ಟು 16 ವಿಧಗಳಾದವು. ಅವುಗಳಲ್ಲಿ 1 ಬೀಳುವುದು 4 ವಿಧಗಳಲ್ಲಿ, 2 ಬೀಳುವುದು 6 ವಿಧಗಳಲ್ಲಿ, 3 ಬೀಳುವುದು 4 ವಿಧಗಳಲ್ಲಿ. ಚೌಕಕ್ಕೂ ಬಾರಕ್ಕೂ ಒಂದೊಂದೇ. ಸರಾಸರಿ ಗರ 2.5 ಎಂದಾಯಿತು. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು 1654ರಲ್ಲಿ ಪರಸ್ಪರ ಬರೆದ ಪತ್ರಗಳಿಂದ ಬೆಳೆದ ಸಂಭಾವ್ಯತೆಯ ಶಾಸ್ತ್ರವೂ ಇಂಥ ಎಣಿಕೆಯಿಂದಲೇ ಹೊರಟಿತು. ಅವರ ಮುಂದಿದ್ದುದೂ ಜೂಜಿನ ಆಟವೇ.

ಕಟ್ಟೆಯಿಂದ ಹೊರಟ ಕಾಯಿ ಹಣ್ಣಾಗಬೇಕಾದರೆ ಉಳಿದ 24 ಮನೆಗಳನ್ನು ದಾಟಬೇಕು. ನಾಲ್ಕು ಕಾಯಿಗಳಿಗೆ 96 ಹೆಜ್ಜೆ. ಸುಮಾರು 38 ಗರಗಳು. ಹೊಡೆತ ತಿಂದ ಕಾಯಿಯ ನಷ್ಟ ಬೇರೆ.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಎದುರಾಳಿಯ ಕಾಯಿಗಿಂತ ನಮ್ಮ ಕಾಯಿ 2 ಮನೆ ಮುಂದಿದ್ದರೆ ಅದಕ್ಕೆ ಹೊಡೆತ ಬೀಳುವ ಸಂಭವ 16ರಲ್ಲಿ 6. 5 ಮನೆ ಮುಂದಿದ್ದರೋ? 5 ಎಂಬ ಗರವೇ ಇಲ್ಲ! ಚೌಕ ಬಿದ್ದು, ಮರುಗರದಲ್ಲಿ 1 ಬಿದ್ದರೆ ಮಾತ್ರ ಅಪಾಯ. ಅದು 64ರಲ್ಲಿ ಒಂದು ಸಲ. 4ಕ್ಕೂ 8ಕ್ಕೂ ನಡುವಿನ ಈ ಬರಿದಾದ ಜಾಗವೇ ಆಟಗಾರನ ಬುದ್ಧಿಗೆ ಎಡೆಮಾಡಿಕೊಡುತ್ತದೆ. ಕವಡೆಯ ಬದಲು ಆರು ಮುಖಗಳ ಒಂದು ದಾಳವನ್ನು ಉರುಳಿಸಿದರೆ 1ರಿಂದ 6ರವರೆಗೆ ಎಲ್ಲ ದೂರಗಳಿಗೂ ನೇರ ಹೊಡೆತದ ಅಪಾಯ ಸಮಾನ. ಯೋಚಿಸಲು ಉಳಿಯುವುದು ಸ್ವಲ್ಪವೇ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂದು ಅನೇಕ ಮನೆಗಳಲ್ಲಿ ವಿಧಿಸಿರುವುದೂ ಜಾಣತನವೇ. ಆ ವಿಧಿಯಿಲ್ಲದಿದ್ದರೆ ಹೇಡಿಯೂ ಗೆಲ್ಲಬಲ್ಲನು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳನ್ನು ತಾವೇ ರಚಿಸಿದವರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಚೌಕಾಬಾರವನ್ನು ಕಟ್ಟಿದವರ ಹೆಸರಾದರೋ ಉಳಿದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಮೇಲಿನ ಎಣಿಕೆಯೆಲ್ಲ ಕವಡೆ ಅಂಗಾತವಾಗಿಯೂ ಬೋರಲಾಗಿಯೂ ಸಮನಾಗಿ ಬೀಳುವುದೆಂಬ ನಂಬಿಕೆಯ ಮೇಲೆ ನಿಂತಿದೆ. ಕವಡೆ ನಾಣ್ಯದಂತಲ್ಲ, ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದು ಪಕ್ಕ ತೇಯ್ದ ಹುಣಸೆಬೀಜದ ಪಾಡೂ ಅಷ್ಟೇ. 100ಕ್ಕೆ 40 ಸಲ ಮಾತ್ರ ಅಂಗಾತ ಬೀಳುವ ಕವಡೆಗಳಾದರೆ ಸರಾಸರಿ 2.6ಕ್ಕೆ ಏರುತ್ತದೆ, ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ 100 ಗರಗಳಲ್ಲಿ ಸುಮಾರು 6 ಸಲ ಬೀಳುತ್ತಿದ್ದ ಬಾರ 13 ಸಲ ಬೀಳುವುದು. ಚೌಕ ಮೂರು ಸಲವೂ ಕಷ್ಟ. ಸರಾಸರಿಯೊಂದನ್ನೇ ನೋಡಿದವನಿಗೆ ಈ ಬದಲಾವಣೆ ಕಾಣಿಸುವುದೇ ಇಲ್ಲ. ವಾಚಕರು ತಮ್ಮ ಮನೆಯ ಕವಡೆಯೊಂದನ್ನು 200 ಸಲ ಎಸೆದು ಗುರುತು ಹಾಕಿ ನೋಡಲಿ.

ಇನ್ನು ನಮ್ಮ ಕೆಟ್ಟ ಆಟಕ್ಕೆ ಬರೋಣ. 7ಕ್ಕೆ 7 ಮನೆಗಳಲ್ಲಿ ಕಾಯಿಯ ದಾರಿ 48 ಹೆಜ್ಜೆ, ಹಳೆಯದರ ಇಮ್ಮಡಿ. ನಾಲ್ಕು ಕಾಯಿಗಳಿಗೆ 77 ಗರಗಳು ಬೇಕಾದವು. ಆಕಳಿಕೆಯ ಕಾರಣ ಇದೇ! ಕವಡೆಗಳನ್ನು 6ಕ್ಕೆ ಏರಿಸಿ, ಆರೂ ಅಂಗಾತವಾದರೆ 6, ಆರೂ ಬೋರಲಾದರೆ 12 ಎಂದು ಗೊತ್ತುಮಾಡಿದೆವು. ಸರಾಸರಿ 3.2ರ ಸಮೀಪಕ್ಕೆ ಬಂದಿತು. ಗರಗಳು 60ಕ್ಕೆ ಇಳಿದವು. ಕಾಯಿಗಳನ್ನು 3 ಮಾಡಿದಾಗ 45 ಸಾಕಾದವು. ಆಟವೇನೋ ಮುಗಿಯಿತು, ಆದರೆ ಸಪ್ಪೆಯಾಯಿತು. ನಾಲ್ಕು ಕವಡೆಗಳಲ್ಲಿ ಎಂಟು ಎಸೆತಕ್ಕೊಮ್ಮೆ ದೊರೆಯುತ್ತಿದ್ದ ಮರುಗರ ಈಗ 32 ಎಸೆತಕ್ಕೊಮ್ಮೆ! ಕವಡೆಯನ್ನು ಕೈಯಲ್ಲಿ ಕುಲುಕುವಾಗಿನ ಆಸೆಯೇ ಮಾಯವಾಗಿತ್ತು.

ಎಣಿಕೆಯ ಹಾಳೆಯನ್ನು ಮತ್ತೆ ಬಿಡಿಸಿದೆವು. 64 ವಿಧಗಳಲ್ಲಿ 6ಕ್ಕೂ 12ಕ್ಕೂ ಒಂದೊಂದು ವಿಧ. 1 ಬೀಳುವುದು 6 ವಿಧಗಳಲ್ಲಿ. ಎಲ್ಲರೂ ಹಳಿಯುವ ಆ 1ಕ್ಕೂ ಮರುಗರದ ಹಕ್ಕನ್ನು ಕೊಟ್ಟರೆ 64ರಲ್ಲಿ 8, ಅಂದರೆ ಸರಿಯಾಗಿ ಎಂಟಕ್ಕೊಂದು. ಮರುದಿನದ ಆಟ ಸಂಜೆಯ ಕಾಫಿಗೆ ಮೊದಲೇ ಮುಗಿಯಿತು. ಸೋತವರು ಯಾರೂ ಹೇಳದೆಯೇ ಎರಡನೆಯ ಆಟಕ್ಕೆ ಕಾಯಿ ಹೂಡಿದರು.