‘ಕ’ಗೆ ತಲೆಕಟ್ಟಿಲ್ಲ, ‘ಶ್ರೀ’ಗೆ ಒತ್ತಿಲ್ಲ!

ಜಾತ್ರೆಯ ಸ್ಮರಣ ಸಂಚಿಕೆ, ಸೊಸೈಟಿಯ ಬೆಳ್ಳಿಹಬ್ಬದ ಪುಸ್ತಕ, ಪುಣ್ಯತಿಥಿಯ ಶ್ರದ್ಧಾಂಜಲಿ ಪುಟ - ಯಾವುದನ್ನೇ ಬಿಡಿಸಿ ನೋಡಿ, ಮೊದಲ ಅಕ್ಷರ ಮೂರು ಸಾಲಿನಷ್ಟು ದಪ್ಪಗೆ ಕೂತಿರುವುದುಂಟು. ಪ್ರೆಸ್ಸಿನವರ ಬಾಯಲ್ಲಿ ಇದು ‘ಡ್ರಾಪ್ ಕ್ಯಾಪ್’. ಕ್ಯಾಪ್ ಎಂದರೆ ಇಂಗ್ಲಿಷಿನ ದೊಡ್ಡಕ್ಷರ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ತೊಡಕು ಹೆಸರಿನಲ್ಲೇ ಶುರು!

ಪದ್ಧತಿ ಯುರೋಪಿನ ಕೈಬರಹದ ಗ್ರಂಥಗಳದ್ದು. 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗಲೂ ಮೊದಲಕ್ಷರದ ಜಾಗ ಖಾಲಿ ಬಿಟ್ಟಿದ್ದ. ಬಣ್ಣ ಹಾಕುವವರು ಆಮೇಲೆ ಕೈಯಲ್ಲೇ ಬರೆದು ತುಂಬಿದರು. 1457ರಲ್ಲಿ ಅದೇ ಮೈಂಟ್ಸ್ ಊರಿನ ಫುಸ್ಟ್ ಮತ್ತು ಷೋಫರ್ ಅಲಂಕಾರದ ಅಕ್ಷರವನ್ನು ಕೆಂಪು, ನೀಲಿ ಬಣ್ಣದಲ್ಲಿ ಅಚ್ಚಿನಲ್ಲೇ ತೆಗೆದರು.

ನಮ್ಮ ಕಡೆ ಮೊಳೆ ಜೋಡಿಸುವ ಕಾಲದಲ್ಲಿ ಇದು ವಿಶೇಷಾಂಕದ ವೈಭವ. ಕಲಾವಿದ ಕಪ್ಪು ಇಂಕಿನಲ್ಲಿ ಅಕ್ಷರ ಬರೆದು, ಸುತ್ತ ಬಳ್ಳಿಯನ್ನೋ ನವಿಲನ್ನೋ ಹಬ್ಬಿಸಬೇಕು. ಅದರಿಂದ ಸತುವಿನ ಬ್ಲಾಕ್ ಮಾಡಿಸಿ, ಮೊಳೆಯ ಎತ್ತರಕ್ಕೆ ಸರಿಯಾಗಿ ಮರದ ತುಂಡಿನ ಮೇಲೆ ಕೂರಿಸಬೇಕು. ಕಂಪೋಸಿಟರ್ ಪಕ್ಕದ ಸಾಲುಗಳನ್ನು ಗಿಡ್ಡ ಮಾಡಿ ಜಾಗ ಕೊಡಬೇಕು. ಖರ್ಚು ಜಾಸ್ತಿ, ಹೌದು. ಆದರೆ ‘ಶ್ರೀ’ ಬರೆದವನು ಒತ್ತು, ದೀರ್ಘ ಎಲ್ಲ ಸೇರಿಸಿಯೇ ಬರೆದಿರುತ್ತಿದ್ದ. ಅಕ್ಷರ ಮುರಿಯುವ ಮಾತೇ ಇರಲಿಲ್ಲ.

ಕಂಪ್ಯೂಟರ್ ಬಂತು, ಕೆಲಸ ಒಂದು ಗುಂಡಿ ಒತ್ತುವಷ್ಟಾಯಿತು. ಎಷ್ಟು ಸಾಲು, ಎಷ್ಟು ಅಕ್ಷರ ಎಂದು ಕೇಳುತ್ತದೆ. ಮೂರು ಸಾಲು, ಒಂದು ಅಕ್ಷರ ಎಂದರೆ ಮುಗೀತು. ಇಂಗ್ಲಿಷಿಗೆ ಮುಗೀತು, ಕನ್ನಡಕ್ಕೆ ಅಲ್ಲ ಸ್ವಾಮಿ! ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂಬುದೇ ಎರಡು ತುಂಡು: ಒಡಲು ಒಂದು, ತಲೆಕಟ್ಟು ಇನ್ನೊಂದು. ಒಂದೇ ಎಂದು ಹೇಳಿದರೆ ಬೋಳು ತಲೆಯ ‘ಕ’ ದೊಡ್ಡದಾಗುತ್ತದೆ, ತಲೆಕಟ್ಟು ಸಣ್ಣಕ್ಷರದ ಸಾಲಿನಲ್ಲಿ ಅನಾಥವಾಗಿ ಉಳಿಯುತ್ತದೆ. ‘ಶ್ರೀ’ ಮೂರು ತುಂಡು. ಮೊದಲನೆಯದು ‘ಶಿ’. ದೇವರ ಹೆಸರಿನ ಮುಂದೆ ದಪ್ಪನೆಯ ‘ಶಿ’ ನಿಂತರೆ ಭಕ್ತರು ಸುಮ್ಮನಿರುತ್ತಾರೆಯೇ? ‘ಅ’ ಮಾತ್ರ ಒಂದೇ ತುಂಡು, ಅದಕ್ಕೆ ಯಾವ ಕಾಟವೂ ಇಲ್ಲ.

ಯುನಿಕೋಡಿನಲ್ಲಿ ‘ಕ’ ಇಡಿಯಾಗಿ ಸಿಗುತ್ತದೆ. ಆದರೆ ಅಲ್ಲೂ ‘ಶ್ರೀ’ಗೆ ನಾಲ್ಕು ಸಂಕೇತ, ‘ಸ್ತ್ರೀ’ಗೆ ಆರು. ಲೆಕ್ಕ ಸರಿಯಾಗಿ ಕೊಟ್ಟರೂ ಒತ್ತಿನ ಜಗಳ ತಪ್ಪದು. ಅಕ್ಷರದ ಬುಡ ಮೂರನೇ ಸಾಲಿಗೆ ಕೂತರೆ ಒತ್ತು ನಾಲ್ಕನೇ ಸಾಲಿನ ಮೇಲೆ ಕಾಲು ಚಾಚುತ್ತದೆ. ಶ್ರದ್ಧಾಂಜಲಿಯ ಪುಟದಲ್ಲಿ ಆ ಸಾಲಿನಲ್ಲೇ ತೀರಿಕೊಂಡವರ ಹೆಸರಿದ್ದರೆ ಮನೆಯವರಿಗೆ ಏನನ್ನಿಸಬೇಕು?

ದಾರಿ ಇಲ್ಲದಿಲ್ಲ. ಮೊದಲಕ್ಷರವನ್ನು ಬೇರೆ ಚೌಕದಲ್ಲಿ ಚಿತ್ರದಂತೆ ಇಟ್ಟು, ಒಡಲಿಗೆ ಎರಡು ಸಾಲು, ಒತ್ತಿಗೆ ಮೂರನೆಯದು ಬಿಟ್ಟು, ಬರಹವನ್ನು ಸುತ್ತ ಹರಿಸಬೇಕು. ಹಳೆಯ ಬ್ಲಾಕಿನ ಉಪಾಯವೇ ಇದು, ಸತು ಒಂದಿಲ್ಲ ಅಷ್ಟೆ. ಇದಕ್ಕೆ ಹೊತ್ತು ಬೇಕು. ಪುಟಕ್ಕಿಷ್ಟು ಎಂದು ದುಡಿಯುವ ಡಿಟಿಪಿ ಹುಡುಗರಿಗೆ ಆ ಹೊತ್ತಿನ ಕಾಸು ಕೊಡುವವರು ಯಾರು? ಅದಕ್ಕೇ ಮೊದಲ ಪದವನ್ನೇ ಬದಲಾಯಿಸಿ ‘ಅ’ಯಿಂದ ಶುರು ಮಾಡಿಬಿಡುವುದು ಸುಲಭ.

ಈಗ ಪ್ರೂಫ್ ಮೊಬೈಲಿಗೆ ಬರುತ್ತದೆ. ಗಿರಾಕಿ ಹೆಸರು, ತಾರೀಕು ನೋಡಿ ‘ಓಕೆ’ ಎಂದುಬಿಟ್ಟರೆ ಪ್ಲೇಟ್ ಆಯಿತು, ಸಾವಿರ ಪ್ರತಿ ಅಚ್ಚೂ ಆಯಿತು. ತಲೆಕಟ್ಟು ಹಾರಿದ್ದು ಕಾಣುವುದು ಕಟ್ಟು ಬಿಚ್ಚಿದಾಗ. ಮರುಮುದ್ರಣದ ದುಡ್ಡು ಯಾರದೆಂಬ ವಾದ ಆಮೇಲೆ ಕೌಂಟರಿನಲ್ಲಿ.