360 ಎಲೆಗಳ ರಣರಂಗ

1831ರಲ್ಲಿ ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅರಸರಿಗೆ ಸಿಂಹಾಸನವಿತ್ತು, ಅಧಿಕಾರವಿರಲಿಲ್ಲ. ಅವರ ಆಸ್ಥಾನದಲ್ಲಿ ಸಂಗೀತ, ಸಾಹಿತ್ಯ, ಚಿತ್ರಕಲೆ ಬೆಳೆದ ಕಥೆ ಕನ್ನಡಿಗರಿಗೆ ಗೊತ್ತಿರುವಂಥದ್ದೇ. ಅದೇ ಆಸ್ಥಾನದಲ್ಲಿ ಹೊಸ ಹೊಸ ಆಟಗಳೂ ಹುಟ್ಟಿದವು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 36 ಎಲೆಗಳಿಂದ ಹಿಡಿದು 360 ಎಲೆಗಳವರೆಗೆ ಬೆಳೆದ ಆ ‘ಛದ ಗಂಜೀಫಾ’ ಎಂಬ ಎಲೆಯಾಟಗಳಲ್ಲಿ ದೇವಿಯರು, ಪಾಂಡವರು, ನವಗ್ರಹಗಳು ತಂತಮ್ಮ ಪರಿವಾರ ಕಟ್ಟಿಕೊಂಡು ಎದುರುಬದುರಾಗುತ್ತಾರೆ. ಪುರಾಣದ ಲೋಕ, ಸರದಿಯ ಮೇಲೆ ನಡೆ, ಮುಂದಾಲೋಚನೆಯಿಂದ ಗೆಲುವು: ಇಂದು ಕಂಪ್ಯೂಟರಿನ ಮುಂದೆ ಕೂತ ಹುಡುಗರು ಆಡುವ ಮಾಯಾಲೋಕದ ತಂತ್ರದಾಟಗಳಿಗೂ ಇವೇ ಮೂರು ಲಕ್ಷಣ. ಅರಸರ ಆಟಗಳ ಬಗ್ಗೆ ಅಭಿಪ್ರಾಯ ಮಾತ್ರ ಒಂದೇ ತೆರನಾಗಿಲ್ಲ. ಅದ್ಭುತ ಕಲ್ಪನೆ ಎನ್ನುವವರಿದ್ದಾರೆ, ಯಾರೂ ಆಡಲಾಗದ ಜಟಿಲ ವಿನೋದ ಎನ್ನುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಕಲ್ಪನೆ ದೊಡ್ಡದಿತ್ತು, ಅದನ್ನು ಹೊರಬಲ್ಲ ಸಾಧನ ಆ ಕಾಲದಲ್ಲಿ ಇರಲಿಲ್ಲ ಎಂಬುದು ಈ ಲೇಖನದ ವಾದ.

ಇಂಥ ಆಟಗಳ ಬೇರು ನಮ್ಮ ನೆಲದಲ್ಲಿ ಬಹಳ ಹಿಂದಕ್ಕೆ ಹೋಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರ ಕೊನೆಯ ಇಪ್ಪತ್ತು ಅಧ್ಯಾಯಗಳು ಕ್ರೀಡೆಗಳಿಗೇ ಮೀಸಲು. ಚದುರಂಗ ಅಲ್ಲಿ ಅರಸನಿಗೆ ತಕ್ಕ ವಿನೋದವಾಗಿ ಬರುತ್ತದೆ. ಅರಮನೆಯ ಹೊರಗೂ ಆಟ ಬೆಳೆದಿತ್ತು. ಹಂಪಿಯ ದೇಗುಲಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ಹಳ್ಳಿಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಡುವ ಹುಲಿ-ಕುರಿ ಆಟವನ್ನೇ ನೋಡಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ಎರಡು ಪಕ್ಷಗಳ ಬಲ ಬೇರೆ, ಗುರಿ ಬೇರೆ. ಆದರೂ ಗೆಲ್ಲುವ ಅವಕಾಶ ಇಬ್ಬರಿಗೂ ಇದೆ. ಅಸಮಾನ ಪಕ್ಷಗಳನ್ನು ನಿಯಮದ ಬಲದಿಂದ ತೂಗಿಸುವ ಈ ಜಾಣ್ಮೆಯನ್ನೇ ಇಂದಿನ ವಿಡಿಯೊ ಗೇಮ್ ರಚನಕಾರರು ವರ್ಷಗಟ್ಟಲೆ ಕೂತು ಸಾಧಿಸಬೇಕಾಗುತ್ತದೆ. ನಮ್ಮ ಜಗಲಿಗಳಲ್ಲಿ ಅದು ನಾಲ್ಕು ಗೆರೆ, ಹಿಡಿ ಕಲ್ಲುಗಳಲ್ಲಿ ಮುಗಿದಿತ್ತು.

ಗಂಜೀಫಾ ಪರ್ಷಿಯಾ ಕಡೆಯಿಂದ ಬಂದ ಎಲೆಯಾಟ. ಸಿಂಧ್‌ನಲ್ಲಿದ್ದ ಷಾ ಹಸನ್‌ಗೆ 1527ರಲ್ಲಿ ಗಂಜೀಫಾ ಎಲೆಗಳನ್ನು ಕಳಿಸಿದ ವಿಷಯವನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಘಲರ ಕಟ್ಟಿನಲ್ಲಿ ಎಂಟು ವರ್ಗ, 96 ಎಲೆ. ಈ ಆಟ ನಮ್ಮ ನಾಡಿನೊಳಗೆ ಇಳಿದಂತೆ ಅದರ ವರ್ಗಗಳ ಜಾಗಕ್ಕೆ ವಿಷ್ಣುವಿನ ಹತ್ತು ಅವತಾರಗಳು ಬಂದು ಕೂತವು. ದಶಾವತಾರ ಗಂಜೀಫಾದಲ್ಲಿ ಹತ್ತು ವರ್ಗ, ಒಂದೊಂದರಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಇಸ್ಪೀಟಿನಲ್ಲಿರುವ ತುರುಫು ಇಲ್ಲಿ ಇಲ್ಲ. ಐದು ವರ್ಗಗಳಲ್ಲಿ ಹತ್ತರ ಎಲೆ ದೊಡ್ಡದಾದರೆ, ಉಳಿದ ಐದರಲ್ಲಿ ಕ್ರಮ ತಲೆಕೆಳಗಾಗಿ ಒಂದರ ಎಲೆಗೇ ಹೆಚ್ಚು ಬಲ. ಹಗಲಲ್ಲಿ ಆಡಿದರೆ ರಾಮನ ರಾಜ ಎಲೆ ಹಿಡಿದವರು ಆಟ ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನ ರಾಜ ಹಿಡಿದವರು. ಸೂರ್ಯವಂಶದವನಿಗೆ ಹಗಲು, ಚಂದ್ರವಂಶದವನಿಗೆ ರಾತ್ರಿ. ಕಥೆ ಇಲ್ಲಿ ಎಲೆಯ ಮೇಲಿನ ಅಲಂಕಾರವಾಗಿ ಉಳಿಯದೆ ನಿಯಮದ ಒಳಗೇ ಸೇರಿಕೊಂಡಿದೆ. ಪುರಾಣದ ಹೆಸರಿಟ್ಟುಕೊಂಡ ಆಟಕ್ಕೂ ಪುರಾಣದಿಂದ ಹುಟ್ಟಿದ ಆಟಕ್ಕೂ ಇರುವ ವ್ಯತ್ಯಾಸ ಇದೇ.

ಮುಮ್ಮಡಿಯವರು ಹಿಡಿದದ್ದು ಈ ಎಳೆಯನ್ನು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಬೃಹತ್ ಸಚಿತ್ರ ಸಂಕಲನ. ಅದರ ಕೊನೆಯ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. 1861ರಲ್ಲಿ ಕಟ್ಟಿದ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಆಟಗಳ ಚಿತ್ರಗಳಿವೆ. ಗೋಡೆಗೆ ಬರೆಸುವಷ್ಟರ ಮಟ್ಟಿಗೆ ಅರಸರು ಆಟವನ್ನು ಗಂಭೀರವಾಗಿ ಕಂಡಿದ್ದರು. ದೇವಿ ದಶಾವತಾರದ ಕಟ್ಟಿನಲ್ಲಿ ಹತ್ತು ವರ್ಗಗಳಿಗೆ 180 ಎಲೆಗಳು. ರಾಜ-ಮಂತ್ರಿಗಳ ಜೋಡಿಯನ್ನು ದಾಟಿ ಪರಿವಾರ ಹಿಗ್ಗಿತು. ಪ್ರತಿ ದೇವತೆಯ ಲಾಂಛನ, ವಾಹನ, ಬಣ್ಣ ಶಾಸ್ತ್ರಕ್ಕೆ ಅನುಗುಣವಾಗಿ ನಿಗದಿಯಾದವು. ಇಷ್ಟಾದರೂ ಈ ಆಟಗಳು ಅರಮನೆಯ ಹೊಸಿಲು ದಾಟಿ ಊರಿಗೆ ಬರಲಿಲ್ಲ. ಚೌಕಾಬಾರ, ಪಗಡೆ, ಅಳಗುಳಿಮಣೆ ಮನೆಮನೆಯಲ್ಲಿ ಉಳಿದವು. ಛದ ಗಂಜೀಫಾ ಸಂಗ್ರಹಾಲಯ ಸೇರಿತು. ಜರ್ಮನಿಯಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಸಿದ್ದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್ ಇಂಥ ಎಲೆಗಳನ್ನು ಹುಡುಕಿ ಸಂಗ್ರಹಿಸಿ, 1982ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಹೊರಜಗತ್ತಿನ ಗಮನ ಇತ್ತ ಹರಿಯಿತು. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಚಿತ್ರಕಲೆಗೆ ಮರುಜೀವ ಕೊಟ್ಟರು. ಎಲೆಗಳು ಚಿತ್ರವಾಗಿ ಚೌಕಟ್ಟು ಸೇರಿದವೇ ಹೊರತು ಆಟವಾಗಿ ಕೈಗೆ ಮರಳಲಿಲ್ಲ.

ಅಧಿಕಾರ ಕಳೆದುಕೊಂಡ ಅರಸರು ಹೊತ್ತು ಕಳೆಯಲು ಮಾಡಿಕೊಂಡ ಹವ್ಯಾಸವಿದು, ಇದಕ್ಕೇಕೆ ಇಷ್ಟು ಬೆಲೆ ಎಂಬ ಆಕ್ಷೇಪವಿದೆ. ಬಿಡುವು ಸಿಕ್ಕಿತ್ತು ಎಂಬುದು ನಿಜ. ಆ ಬಿಡುವಿನಲ್ಲಿ ಏನು ಮಾಡಿದರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು ಎಂಬ ಹಳೆಯ ಸವಾಲನ್ನು ಅವರು ಎತ್ತಿಕೊಂಡರು. ಕುದುರೆಯ ಹೆಜ್ಜೆಗಳಿಗೆ ಒಂದರಿಂದ 64ರವರೆಗೆ ಸಂಖ್ಯೆ ಕೊಟ್ಟಾಗ, ಪ್ರತಿ ಅಡ್ಡಸಾಲನ್ನು ಕೂಡಿದರೂ, ಪ್ರತಿ ಕಂಬಸಾಲನ್ನು ಕೂಡಿದರೂ 260 ಬರುವಂಥ ಸುತ್ತನ್ನು ಅವರು ರಚಿಸಿದ್ದಾರೆ. ಇದು ಯೂರೋಪಿನ ಗಣಿತಜ್ಞರು ತಲೆಕೆಡಿಸಿಕೊಂಡಿದ್ದ ಸಮಸ್ಯೆ. ಮೈಸೂರರಸರ ಸುತ್ತುಗಳು ಚದುರಂಗದ ಇತಿಹಾಸಕಾರರ ಲೆಕ್ಕಕ್ಕೂ ಬಂದಿವೆ. ಬರಿಯ ಕಾಲಹರಣಕ್ಕೆ ಕೂತವರಿಂದ ಇಂಥ ಕೆಲಸ ಆಗುವುದಿಲ್ಲ. ನಿಯಮಗಳ ಒಳಗೆ ಎಷ್ಟು ಸಾಧ್ಯತೆಗಳಿವೆ ಎಂದು ಹುಡುಕುವ ಬುದ್ಧಿ ಇದರ ಹಿಂದಿತ್ತು. ಅದೇ ಬುದ್ಧಿ ಎಲೆಯಾಟದಲ್ಲೂ ದುಡಿದಿದೆ.

ಜಟಿಲತೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಅದನ್ನು ಒಪ್ಪಲೇಬೇಕು. 120 ಎಲೆಗಳನ್ನು ಮೂವರಿಗೆ ಹಂಚಿದರೆ ತಲಾ 40. 360 ಎಲೆಗಳಾದರೆ ತಲಾ 120. ಯಾವ ಎಲೆ ಇಳಿದಿದೆ, ಯಾವುದು ಉಳಿದಿದೆ ಎಂದು ನೆನಪಿಡುವುದೇ ಗಂಜೀಫಾದ ಜೀವಾಳ. ಆಯ್ಕೆಗೆ ಖರ್ಚಾಗಬೇಕಾದ ತಲೆ ಇಲ್ಲಿ ಲೆಕ್ಕಕ್ಕೇ ಖರ್ಚಾಗುತ್ತದೆ. ಇಂಥದೇ ತಕರಾರು ಕಂಪ್ಯೂಟರ್ ಕಾಲದಲ್ಲೂ ಬಂದಿದೆ. ಜಾನ್ ವ್ಯಾನ್ ಕ್ಯಾನೆಘೆಮ್ ಅವರ ‘ಕಿಂಗ್ಸ್ ಬೌಂಟಿ’ ಎಂಬ ಕಂಪ್ಯೂಟರ್ ಆಟ 1990ರಲ್ಲಿ ಬಂತು. ಅದರಿಂದ ಬೆಳೆದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ ಸರಣಿಯ 1999ರ ಮೂರನೇ ಭಾಗವನ್ನು ಜನ ಇಂದಿಗೂ ಬಿಟ್ಟಿಲ್ಲ. 2002ರ ನಾಲ್ಕನೇ ಭಾಗದ ವಿಷಯಕ್ಕೆ ಅಭಿಮಾನಿಗಳು ಎರಡಾಗಿ ಒಡೆದರು. ದೂರ ನಿಂತು ಮಂತ್ರ ಹಾಕುತ್ತಿದ್ದ ನಾಯಕ ಅದರಲ್ಲಿ ಸ್ವತಃ ರಣರಂಗಕ್ಕೆ ಇಳಿದ. ವಾರಕ್ಕೊಮ್ಮೆ ಬೆಳೆಯುತ್ತಿದ್ದ ಸೈನ್ಯ ದಿನವೂ ಬೆಳೆಯತೊಡಗಿತು. ಸಂಗೀತ, ಕಥೆ ಚೆನ್ನಾಗಿವೆ ಎಂದು ಮೆಚ್ಚಿದವರೇ ತೂಕ ತಪ್ಪಿದೆ ಎಂದು ದೂರಿದರು. ಬಂದಾಗ ಅದರಲ್ಲಿ ಹಲವರು ಸೇರಿ ಆಡುವ ಸೌಲಭ್ಯವೂ ಇರಲಿಲ್ಲ. ಆದರೆ ಮೂರನೇ ಭಾಗ ಸರಳವಾದ ಆಟವೇನಲ್ಲ, ಅದರಲ್ಲೂ ನೂರಕ್ಕೂ ಹೆಚ್ಚು ಬಗೆಯ ಜೀವಿಗಳಿವೆ. ಜನ ಅದನ್ನು ಆಡುತ್ತಿರುವುದು ಲೆಕ್ಕದ ಹೊರೆಯನ್ನು ಯಂತ್ರ ಹೊತ್ತು, ನಿರ್ಧಾರವನ್ನಷ್ಟೇ ಆಟಗಾರನಿಗೆ ಬಿಟ್ಟಿರುವುದರಿಂದ. ಹಾಗಾದರೆ ಮುಮ್ಮಡಿಯವರ ಆಟಗಳಿಗೆ ಅಡ್ಡಿಯಾದ ಹೊರೆಯೂ ಇಂದು ಇಳಿಯಬಲ್ಲದು. ಕೈಯಲ್ಲಿ ಹಿಡಿಯಲಾಗದ 120 ಎಲೆಗಳನ್ನು ಫೋನಿನ ಪರದೆ ವರ್ಗವಾರು ಜೋಡಿಸಿ ತೋರಿಸಬಲ್ಲದು, ಇಳಿದ ಎಲೆಗಳ ಲೆಕ್ಕ ಇಡಬಲ್ಲದು.

ಎಲೆಯಾಟ ಎಂದೊಡನೆ ಜೂಜಿನ ಭಯ ಹುಟ್ಟುವುದು ಸಹಜ. ಆನ್‌ಲೈನ್ ರಮ್ಮಿಯಿಂದ ಮನೆ ಕಳೆದುಕೊಂಡವರ ಸುದ್ದಿಗಳನ್ನು ಓದಿದ ತಂದೆತಾಯಿಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರೋತ್ಸಾಹಿಸುವ ದಾರಿ ಹಿಡಿದಿದೆ. ಪಣವಿಲ್ಲದ ಗಂಜೀಫಾ ಎರಡನೆಯ ಸಾಲಿಗೆ ಸೇರುತ್ತದೆ. ಪರದೆಗೆ ಹೋದರೆ ಕೈಯಲ್ಲಿ ಎಲೆ ಬರೆಯುವ ಕಲೆ ಸಾಯುತ್ತದೆ ಎಂಬ ಇನ್ನೊಂದು ಮಾತಿಗೂ ಉತ್ತರವಿದೆ. ಆಡುವವರೇ ಇಲ್ಲದ ಎಲೆಗೆ ಗಿರಾಕಿ ಎಷ್ಟು ಜನ ಸಿಕ್ಕಾರು? ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಹಾಸುಗಳನ್ನೂ ಕಾಯಿಗಳನ್ನೂ ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸುತ್ತಾ ಬಂದಿದೆ. ಆಟ ಕಲಿತವರು ಹೆಚ್ಚಿದಂತೆ ಆ ಕೈಗಳಿಗೂ ಕೆಲಸ ಹೆಚ್ಚುತ್ತದೆ.

ಗಂಜೀಫಾವನ್ನು ಪರದೆಗೆ ತರುವ ಕೆಲಸ ಮೈಸೂರು, ಬೆಂಗಳೂರುಗಳಲ್ಲೇ ಆಗಬೇಕೆಂದಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ‍್ಯಾಕ್ಟಿವ್ ವಿದೇಶಿ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಡುತ್ತಲೇ ದೊಡ್ಡದಾಗಿ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ತೆಕ್ಕೆಗೆ ಹೋಯಿತು. ನಮ್ಮವರಿಗೆ ಕೈಚಳಕ ಇದೆ ಎಂಬುದಕ್ಕೆ ಇಷ್ಟು ಸಾಕು. ನಮ್ಮದೇ ಕಥೆಗೆ ಅದು ದುಡಿದದ್ದು ಕಡಿಮೆ. ತುಮಕೂರು ಸೀಮೆಗೆ ಇಲ್ಲಿ ಒಂದು ಅನುಕೂಲವಿದೆ. ಇಲ್ಲಿನ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತದೆ. ದುರ್ಯೋಧನನ ಕಂದಕ್ಕೆ ಭೀಮ ಸರದಿಯಂತೆ ಕಂದದಲ್ಲೇ ಉತ್ತರ ಕೊಡುವುದನ್ನು ಜನ ಕಾದು ಕೇಳುತ್ತಾರೆ. ಪಾಂಡವರ ಎಲೆ ಯಾವುದು, ಅದಕ್ಕೇಕೆ ಬಲ ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾತ್ಸಂದ್ರದ ಬಳಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರಿಂದ, ಮರಳೂರಿನಲ್ಲಿ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯ 1979ರಿಂದ ಎಂಜಿನಿಯರುಗಳನ್ನು ರೂಪಿಸುತ್ತಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಇನ್ನೊಂದು ಹಾಜರಾತಿ ಆ್ಯಪ್ ಬರೆಯುವ ಬದಲು ಕೌತುಕನಿಧಿಯನ್ನು ತೆರೆಯಲಿ. ಮೊದಲು 36 ಎಲೆಗಳ ಚಿಕ್ಕ ಆಟವನ್ನು ಕನ್ನಡದಲ್ಲಿ ಕಟ್ಟಲಿ, ಜನ ಆಡಿದ ಮೇಲೆ 360ರ ಕಡೆಗೆ ಹೆಜ್ಜೆ ಇಡಲಿ. ಅರಸರ ಆಟ ಒಳ್ಳೆಯದೋ ಅಲ್ಲವೋ ಎಂಬ ತೀರ್ಮಾನವನ್ನು ಆಡಿ ನೋಡಿದವರು ಹೇಳಲಿ. ಆಡುವ ಅವಕಾಶವನ್ನು ಒದಗಿಸುವುದು ನಮ್ಮ ಪೀಳಿಗೆಯ ಹೊಣೆ.