ಎಂಜಿನ್ ಬಿಚ್ಚುವ ಮೊದಲು ಅದರ ಉಸಿರು ಅಳೆಯಿರಿ

ಹಳೆ ಕಾರು ನೋಡಲು ಬಂದ ಮೆಕ್ಯಾನಿಕ್, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿಯುತ್ತಾರೆ. ಗಾಳಿ ಜೋರಾಗಿ ತಾಗಿದರೆ ‘ಬ್ಯಾಕ್ ಕಂಪ್ರೆಶನ್ ಇದೆ’, ಅಂದರೆ ರಿಂಗ್ ಸವೆದಿದೆ, ಎಂಬ ತೀರ್ಪು ಬಂದುಬಿಡುತ್ತದೆ. ಆದರೆ ಆ ಗಾಳಿಗೆ ಎರಡು ಕಾರಣಗಳಿರಬಹುದು. ಪಿಸ್ಟನ್ ರಿಂಗ್ ಸವೆದಿದ್ದರೆ ಖರ್ಚು ದೊಡ್ಡದು; ಪಿಸಿವಿ ಎಂಬ ಪುಟ್ಟ ವಾಲ್ವ್ ಕಟ್ಟಿಕೊಂಡಿದ್ದರೆ ತೀರಾ ಸಣ್ಣದು. ಅಂಗೈಗೆ ಇವೆರಡರ ವ್ಯತ್ಯಾಸ ತಿಳಿಯದು.

ಹೊಸ ಎಂಜಿನ್ನಿನಲ್ಲೂ ಸ್ವಲ್ಪ ಅನಿಲ ರಿಂಗುಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹಿಂದೆ ಅದನ್ನು ಕೊಳವೆಯಲ್ಲಿ ನೇರ ರಸ್ತೆಗೇ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಅದನ್ನು ಎಂಜಿನ್ನೇ ಮರಳಿ ಹೀರಿ ಸುಡುವ ಏರ್ಪಾಡು ಬಂತು. ಏರ್ ಫಿಲ್ಟರಿನಿಂದ ಬ್ರೀದರ್ ಹೋಸಿನ ಮೂಲಕ ಶುದ್ಧ ಗಾಳಿ ಒಳಬರುತ್ತದೆ. ಕೊಳೆಯಾದದ್ದನ್ನು ಪಿಸಿವಿ ವಾಲ್ವಿನ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್ ಹೀರಿಕೊಳ್ಳುತ್ತದೆ.

ಘಟ್ಟದ ಬುಡದಲ್ಲಿ ಮಳೆ ಹೆಚ್ಚಿರುವ ಬಜಗೋಳಿಯಂಥ ಊರಲ್ಲಿ ಈ ವಾಲ್ವಿನ ಕೆಲಸ ಕಠಿಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಹೋದರೂ ಸ್ವಲ್ಪ ಆವಿ ಕೆಳಗೆ ನುಸುಳುತ್ತದೆ. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡಿಸಿದರೆ ಆಯಿಲ್ ಸರಿಯಾಗಿ ಬಿಸಿಯಾಗದೆ, ಆ ಆವಿ ನೀರಾಗಿ, ಮುಚ್ಚಳದ ಅಡಿಯಲ್ಲಿ ಬಿಳಿ ನೊರೆಯಂತೆ ಅಂಟುತ್ತದೆ. ಇನ್ನು ಮಾಳ ದಾಟಿ ಕುದುರೆಮುಖದ ಕಡೆ ಘಾಟಿ ಹತ್ತುವಾಗ ಥ್ರಾಟಲ್ ಪೂರ್ತಿ ತೆರೆದಿರುವುದರಿಂದ ಮ್ಯಾನಿಫೋಲ್ಡಿನ ಸೆಳೆತ ಕುಗ್ಗುತ್ತದೆ. ನುಸುಳುವ ಅನಿಲವೋ ಆಗಲೇ ಅತಿ ಹೆಚ್ಚು. ವಾಲ್ವ್ ಕಟ್ಟಿದ್ದರೆ ಒತ್ತಡ ಆಯಿಲ್ ಸೀಲುಗಳ ಮೇಲೆ ಬೀಳುತ್ತದೆ, ಏರ್ ಫಿಲ್ಟರ್ ಆಯಿಲಿನಿಂದ ತೊಯ್ಯುತ್ತದೆ.

ಕ್ರ್ಯಾಂಕ್‌ಕೇಸಿನ ಈ ಸಣ್ಣ ಒತ್ತಡ ಅಳೆಯುವ ಪರೀಕ್ಷೆ ಸರಳ. ಮ್ಯಾನಿಫೋಲ್ಡಿಗೆ ಬಳಸುವ ಸಾಮಾನ್ಯ ವ್ಯಾಕ್ಯೂಮ್ ಗೇಜ್ ಇಲ್ಲಿ ಒರಟಾಯಿತು: ಅದರ ಒಂದು ಇಂಚು ಪಾದರಸವೆಂದರೆ ಸುಮಾರು 34 ಸೆಂಟಿಮೀಟರ್ ನೀರು. ಸಣ್ಣ ಅಳತೆಯ ಗೇಜ್ ಬೇಕು. ಇಲ್ಲವಾದರೆ ‘ಯು’ ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿದ, ಉದ್ದ ಕಾಲುಗಳ ಪಾರದರ್ಶಕ ಪೈಪು ಸಾಕು. ಬಿಸಿಯಾದ ಎಂಜಿನ್ ಐಡಲಿನಲ್ಲಿರಲಿ. ಪೈಪಿನ ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಬಿಗಿದು, ಬ್ರೀದರ್ ಹೋಸ್ ಕಳಚಿ, ಎಂಜಿನ್ ಕಡೆಯ ಬಾಯಿಯನ್ನು ಕೆಲವು ಕ್ಷಣ ಮುಚ್ಚಿ. ಎಂಜಿನ್ ಬದಿಯ ನೀರು ಮೇಲೇರಿದರೆ ಸೆಳೆತವಿದೆ, ವ್ಯವಸ್ಥೆ ಆರೋಗ್ಯವಾಗಿದೆ. ಏರುತ್ತಲೇ ಹೋದರೆ ಮುಚ್ಚಿದ ಬಾಯಿಯನ್ನು ಕೂಡಲೇ ತೆರೆಯಿರಿ. ನೀರು ಎಂಜಿನ್ನಿಗೆ ಹೋಗಬಾರದು.

ನೀರು ಕೆಳಗಿಳಿದರೆ ಒಳಗೆ ಒತ್ತಡ ಕಟ್ಟುತ್ತಿದೆ. ಆಗ ಪಿಸಿವಿ ವಾಲ್ವನ್ನು ಹೋಸಿನ ಸಮೇತ ಹೊರಗೆಳೆದು ವಾಲ್ವಿನ ಬಾಯಿಗೆ ಹೆಬ್ಬೆರಳಿಡಿ. ಸೆಳೆತವಿಲ್ಲದಿದ್ದರೆ ವಾಲ್ವ್ ಅಥವಾ ಹೋಸ್ ಕಟ್ಟಿದೆ, ಬದಲಿಸಿ ಮತ್ತೆ ಅಳೆಯಿರಿ. ಸೆಳೆತ ಚೆನ್ನಾಗಿದ್ದೂ ನೀರು ಇಳಿಯುತ್ತಿದ್ದರೆ ಮಾತ್ರ ರಿಂಗುಗಳ ಮೇಲೆ ಸಂಶಯಪಟ್ಟು ಕಂಪ್ರೆಶನ್ ಪರೀಕ್ಷೆ ಮಾಡಿಸಿ.